ಹೂತುಹೋದ ಟ್ಯಾಂಕನ್ನು ಎಳೆಯೋರು ಯಾರು?

ಕಬ್ಬಿನ ಸೀಸನ್‌ನಲ್ಲಿ ಇಂಡಿ, ಸಿಂದಗಿ ಕಡೆ ಓಡಾಡಿದವರಿಗೆ ಗೊತ್ತು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಕಾರ್ಖಾನೆ ಕಡೆ ಸಾಲುಗಟ್ಟಿರುತ್ತವೆ. ರಸ್ತೆಗೆ ಬಂದ ಟ್ರ್ಯಾಕ್ಟರ್ ಗೆದ್ದ ಹಾಗೆ. ಅಸಲಿ ಪರೀಕ್ಷೆ ನಡೆಯೋದು ಅದಕ್ಕೂ ಮೊದಲು, ಹೊಲದೊಳಗೆ. ಕಟಾವಿಗೆ ಮುಂಚೆ ನೀರು ಹಾಯಿಸಿದ್ದರೆ, ಅಥವಾ ಅಕಾಲಕ್ಕೆ ಒಂದು ಮಳೆ ಬಿದ್ದುಬಿಟ್ಟರೆ, ಲೋಡ್ ಆದ ಟ್ರೇಲರ್‌ನ ಗಾಲಿ ಎರಿ ಮಣ್ಣಿನಲ್ಲಿ ಅಚ್ಚಿನ ತನಕ ಇಳಿದುಬಿಡುತ್ತೆ. ಡ್ರೈವರ್ ಗೇರು ಹಾಕಿ ರೇಸ್ ಮಾಡಿದಷ್ಟೂ ಇನ್ನಷ್ಟು ಆಳಕ್ಕೆ ಹೋಗುತ್ತೆ.

ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಹೋದರೆ ಡೋಣಿ ನದಿಯ ಸೀಮೆ. ಡೋಣಿ ಹರಿದರೆ ಓಣೆಲ್ಲ ಕಾಳು ಅಂತ ನಮ್ಮಲ್ಲೊಂದು ಗಾದೆ. ಬಿಳಿಜೋಳಕ್ಕೆ ಹೆಸರಾದ ಆ ಮಣ್ಣೇ ಮಳೆಗಾಲದಲ್ಲಿ ಎತ್ತಿನ ಕಾಲನ್ನೂ ಬಿಡೋದಿಲ್ಲ. ಆಲಮಟ್ಟಿಯ ನೀರು ಕಾಲುವೆಗೆ ಬಂದ ಮೇಲೆ ಎಷ್ಟೋ ಜೋಳದ ಹೊಲ ಕಬ್ಬಿನ ಹೊಲ ಆಗಿವೆ. ಗಾಡಿ ಹೂತುಕೊಳ್ಳೋದಕ್ಕೆ ಈಗ ಮಳೆಗಾಲವೇ ಬರಬೇಕು ಅಂತೇನಿಲ್ಲ.

ಹೂತ ಗಾಡಿಯನ್ನು ಎಳೆಯೋದು ನಮ್ಮ ಕಡೆ ಒಂದು ವಿದ್ಯೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರೋ ಮೊದಲೇ ಅದರ ಮೊದಲ ಪಾಠ ನನಗೆ ನಮ್ಮ ಕಾಕಾ ಹೇಳಿಕೊಟ್ಟಿದ್ದರು. "ತಮ್ಮಾ, ಎಳಿಯೂ ಗಾಡಿ ಗಟ್ಟಿ ನೆಲದ ಮ್ಯಾಲ ನಿಂತಿರಬೇಕ್ ನೋಡು. ಹೂತ ಗಾಡಿಗಿಂತ ಅದರ ತೂಕಾ ಕಮ್ಮಿ ಇತ್ತಂದ್ರ ಎರಡೂ ಕೂಡೇ ಹೂಳತಾವು. ಮತ್ತ ಮುಂದಕ್ಕ ಎಳಿಬ್ಯಾಡ, ಬಂದ ದಾರೀಗೇ ಹಿಂದಕ್ಕ ಎಳಿ." ಮೂರೇ ಮಾತು. ಪ್ರಪಂಚದ ದೊಡ್ಡ ದೊಡ್ಡ ಸೈನ್ಯಗಳು ಈ ವಿಷಯಕ್ಕೆ ಅಂತ ಬರೆದುಕೊಂಡಿರೋ ಕೈಪಿಡಿಗಳನ್ನು ಓದಿದರೆ ಅಲ್ಲೂ ಇದೇ ಮೂರು ಮಾತು, ಸಂಖ್ಯೆಗಳ ಜತೆ.

2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಆ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ರೈತನೊಬ್ಬ ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ರಷ್ಯಾದ ಕವಚದ ಗಾಡಿ ಎಳೆದುಕೊಂಡು ಹೋಗ್ತಾ ಇರೋದು. ಮೀಮ್ ಆಯಿತು, ಸ್ಟಾಂಪ್ ಆಯಿತು, ನಕ್ಕೆವು. ಆದರೆ ಆ ಗಾಡಿ ಅಲ್ಲಿ ಯಾಕೆ ಬಿದ್ದಿತ್ತು? ಎಷ್ಟೋ ಗಾಡಿಗಳಿಗೆ ಗುಂಡು ತಾಗಿರಲಿಲ್ಲ. ಕೆಸರಲ್ಲಿ ಸಿಕ್ಕಿದ್ದವು, ಡೀಸೆಲ್ ಮುಗಿದಿತ್ತು, ಇಲ್ಲವೇ ಏನೋ ಸಣ್ಣದೊಂದು ಕೆಟ್ಟಿತ್ತು. ಅದನ್ನು ಎಳೆದು ಹಿಂದಕ್ಕೆ ತರಬೇಕಾದ ರಷ್ಯಾದ ವಾಹನ ಹೊತ್ತಿಗೆ ಸರಿಯಾಗಿ ಬರಲಿಲ್ಲ.

ಆ ವಾಹನದ ಹೆಸರು ಆರ್ಮರ್ಡ್ ರಿಕವರಿ ವೆಹಿಕಲ್, ಸೈನ್ಯದವರ ಬಾಯಲ್ಲಿ ಎಆರ್‌ವಿ. ಯುದ್ಧದ ಸುದ್ದಿ ಓದೋ ನಮ್ಮಲ್ಲಿ ಹೆಚ್ಚಿನವರಿಗೆ ಟಿ-90 ಗೊತ್ತು, ಅರ್ಜುನ್ ಗೊತ್ತು. ಎಆರ್‌ವಿ ಗೊತ್ತಿಲ್ಲ. ನಮ್ಮ ಸೈನ್ಯದ ಎಆರ್‌ವಿಗಳು ತಯಾರಾಗೋದು ಕರ್ನಾಟಕದಲ್ಲೇ, ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ಅನ್ನೋದಂತೂ ಇನ್ನೂ ಕಡಿಮೆ ಜನಕ್ಕೆ ಗೊತ್ತು.

ತೋಪು ಕಿತ್ತು ಹಗ್ಗ ಕಟ್ಟಿದ ಟ್ಯಾಂಕ್

ಎಆರ್‌ವಿ ಅಂದರೆ ಸರಳವಾಗಿ ಇಷ್ಟು: ಒಂದು ಟ್ಯಾಂಕ್ ತಗೊಳ್ಳಿ. ಮೇಲೆ ತಿರುಗೋ ಗೋಪುರ ಮತ್ತು ಅದರ ತೋಪು ಕಿತ್ತು ತೆಗೆಯಿರಿ. ಖಾಲಿಯಾದ ಹೊಟ್ಟೆಯೊಳಗೆ ಒಂದು ದೊಡ್ಡ ವಿಂಚ್ ಕೂರಿಸಿ, ಅಂದರೆ ಎಂಜಿನ್ನಿನ ಶಕ್ತಿಯಿಂದ ಉಕ್ಕಿನ ಹಗ್ಗ ಸುತ್ತೋ ಯಂತ್ರ. ಪಕ್ಕಕ್ಕೆ ಒಂದು ಕ್ರೇನ್, ಕೆಟ್ಟುಹೋದ ಎಂಜಿನ್ ಎತ್ತಿ ಹೊರಗೆ ಇಡೋದಕ್ಕೆ. ಮುಂದೆ ಬುಲ್ಡೋಜರ್ ಹಾಗೆ ಒಂದು ಬ್ಲೇಡ್. ಜತೆಗೆ ಎಳೆಯೋ ರಾಡು, ರಾಟೆ, ವೆಲ್ಡಿಂಗ್ ಸಾಮಾನು.

ಯಾಕೆ ಟ್ಯಾಂಕೇ ಆಗಬೇಕು, ದೊಡ್ಡ ಲಾರಿ ಸಾಲದೇ ಅಂದರೆ, ಟ್ಯಾಂಕ್ ಸಿಕ್ಕಿಬೀಳೋ ಜಾಗಕ್ಕೆ ಲಾರಿ ಹೋಗೋದೇ ಇಲ್ಲ. ಹೋದರೂ ಗುಂಡು ಹಾರ್ತಿರೋ ಕಡೆ ಲಾರಿಯ ತಗಡು ನಿಲ್ಲೋದಿಲ್ಲ. ಇನ್ನು ಹಳೇ ಟ್ಯಾಂಕೇ ಯಾಕೆ? ಅದಕ್ಕೆ ಕಾರಣ ದುಡ್ಡು. ಹೊಸ ಟ್ಯಾಂಕ್ ಬಂದಾಗ ಹಳೇದರ ತೋಪು ಹಳೇದಾಗುತ್ತೆ, ಕವಚ ಸಾಲದಾಗುತ್ತೆ. ಆದರೆ ಕೆಳಗಿನ ಒಡಲು, ಪಟ್ಟಿ, ಎಂಜಿನ್ ಇನ್ನೂ ಗಟ್ಟಿ ಇರುತ್ತವೆ. ಬಿಡಿಭಾಗ ಉಗ್ರಾಣದಲ್ಲಿ ರಾಶಿ ಇರುತ್ತವೆ, ಅದನ್ನು ಬಿಚ್ಚಿ ಜೋಡಿಸೋ ಕೈಗಳೂ ಇರುತ್ತವೆ. ಗುಜರಿಗೆ ಹೋಗೋದನ್ನು ಕೆಲಸಕ್ಕೆ ಹಚ್ಚೋದು. ನಮ್ಮ ಹಳ್ಳಿಗಳಲ್ಲಿ ಹಳೇ ಡೀಸೆಲ್ ಎಂಜಿನ್ನನ್ನು ಬಾವಿ ದಂಡೆ ಮೇಲೆ ಕೂರಿಸ್ತಾರಲ್ಲ, ಅದೇ ಬುದ್ಧಿ.

ಎರಡನೇ ಮಹಾಯುದ್ಧದಲ್ಲೇ ಇದು ರೂಢಿಗೆ ಬಂತು. ಅಮೆರಿಕ ತನ್ನ ಎಂ3 ಲೀ ಟ್ಯಾಂಕ್‌ನಿಂದ ಎಂ31 ಮಾಡಿತು, ಶರ್ಮನ್‌ನಿಂದ ಎಂ32 ಮಾಡಿತು. ಬ್ರಿಟಿಷರು ಚರ್ಚಿಲ್, ಶರ್ಮನ್ ಎರಡನ್ನೂ ಬದಲಾಯಿಸಿಕೊಂಡರು. ಇವುಗಳಲ್ಲಿ ಕೆಲವಕ್ಕೆ ಸುಳ್ಳು ತೋಪು ಇಟ್ಟಿದ್ದರು, ನಿಶ್ಶಸ್ತ್ರ ಗಾಡಿ ಅಂತ ಶತ್ರುವಿಗೆ ಗೊತ್ತಾಗದಿರಲಿ ಅಂತ. ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಿದ ಹಾಗೆ. ಜರ್ಮನರ ಕತೆ ಇನ್ನೊಂದು ಥರ. ಟೈಗರ್ ಅನ್ನೋ 55 ಟನ್ನಿಗೂ ಮೀರಿದ ಟ್ಯಾಂಕ್ ಮಾಡಿಬಿಟ್ಟರು, ಅದು ಕೆಟ್ಟು ನಿಂತರೆ ಎಳೆಯೋಕೆ ಅವರ ಹತ್ತಿರ ಇದ್ದದ್ದು 18 ಟನ್‌ನ ಅರೆಪಟ್ಟಿ ವಾಹನ. ಒಂದು ಟೈಗರ್‌ಗೆ ಅಂಥ ಎರಡು ಮೂರನ್ನು ಸಾಲಾಗಿ ಕಟ್ಟಬೇಕಾಗುತ್ತಿತ್ತು. ಎಳೆಯೋದಕ್ಕೆ ಆಗದ ಎಷ್ಟೋ ಟೈಗರ್‌ಗಳನ್ನು ಸ್ವತಃ ಅವರ ಸಿಬ್ಬಂದಿಯೇ ಸ್ಫೋಟಿಸಿ ಬಿಟ್ಟುಹೋದರು. ಪ್ಯಾಂಥರ್ ಟ್ಯಾಂಕ್‌ನ ಒಡಲಿನ ಮೇಲೆ ಬೆರ್ಗೆಪ್ಯಾಂಥರ್ ಅನ್ನೋ ಎಳೆಯೋ ಗಾಡಿ ಬಂದಾಗ 1943 ಆಗಿತ್ತು.

ಅದೇ 1943ರಲ್ಲಿ ಭಾರತದ ಸೈನ್ಯದಲ್ಲಿ ಈ ಕೆಲಸಕ್ಕೇ ಅಂತ ಒಂದು ವಿಭಾಗ ಹುಟ್ಟಿತು. ಇವತ್ತು ನಾವು ಇಎಂಇ ಅಂತ ಕರೆಯೋ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್ ಕೋರ್. ಸ್ವಾತಂತ್ರ್ಯದ ನಂತರ ನಮ್ಮ ಸೈನ್ಯ ಶರ್ಮನ್ ಮತ್ತು ಸೆಂಚೂರಿಯನ್ ಒಡಲಿನ ಎಳೆಯೋ ಗಾಡಿಗಳನ್ನು ಬಳಸಿತು. ಆಮೇಲೆ ಸೋವಿಯತ್ ಟಿ-55 ಬಂತು, ಅದರ ಒಡಲಿನ ಮೇಲೆ ಪೋಲೆಂಡ್ ಕಟ್ಟಿದ ಡಬ್ಲ್ಯುಝಡ್‌ಟಿ-2 ಬಂತು. ಟಿ-72 ಬಂದ ಮೇಲೆ ಅದರ ಒಡಲಿನ ವಿಟಿ-72ಬಿ, ಡಬ್ಲ್ಯುಝಡ್‌ಟಿ-3 ಬಂದವು. ನಮ್ಮದೇ ವಿಜಯಂತ ಟ್ಯಾಂಕ್ ಇದೆಯಲ್ಲ, ಆವಡಿಯ ಕಾರ್ಖಾನೆಯಿಂದ 1965ರ ಕೊನೆಗೆ ಹೊರಬರತೊಡಗಿದ್ದು, ಅದರ ಒಡಲಿಗೂ ಎರಡನೇ ಜನ್ಮ ಸಿಕ್ಕಿತು. 130 ಮಿ.ಮೀ. ಫಿರಂಗಿ ಕೂರಿಸಿ ಕ್ಯಾಟಪಲ್ಟ್ ಮಾಡಿದರು, ಸೇತುವೆ ಹೊರಿಸಿ ಕಾರ್ತಿಕ್ ಮಾಡಿದರು.

ಇಲ್ಲಿತನಕ ಎಲ್ಲ ಜಾಣತನದ ಲೆಕ್ಕ. ಎಡವಟ್ಟು ಶುರುವಾಗೋದು ತೂಕದಿಂದ.

55 ಟನ್, 400 ಎತ್ತು

ವಿಜಯಪುರದ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ನೋಡದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಶಾಲಾ ಪ್ರವಾಸ ಅಂದರೆ ಅದೇ. ಅದನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದಿದ್ದು. ತೂಕ ಸುಮಾರು 55 ಟನ್. 1632ರಲ್ಲಿ ಪರಂಡಾ ಕೋಟೆಯಿಂದ ಇಲ್ಲಿಗೆ ತಂದರು. ಎಳೆಯೋದಕ್ಕೆ 10 ಆನೆ, 400 ಎತ್ತು, ನೂರಾರು ಆಳು ಬೇಕಾದವು ಅಂತ ಹೇಳ್ತಾರೆ. ಪರಂಡಾ ಇರೋದು ಭೀಮೆಯ ಆಚೆ, ವಿಜಯಪುರ ಈಚೆ. ಅಂದರೆ ನದಿಯನ್ನೂ ದಾಟಿಸಬೇಕು, ಈಚೆಯ ಎರಿ ಭೂಮಿಯನ್ನೂ ದಾಟಿಸಬೇಕು. ಮಳೆ ಇಲ್ಲದ ತಿಂಗಳು ನೋಡಿಯೇ ಹೊರಟಿರುತ್ತಾರೆ ಅಂತ ನನ್ನ ಊಹೆ. (ಕಾಕತಾಳೀಯ ಅಂದರೆ, ತೋಪು ಹುಟ್ಟಿದ ಅದೇ ಅಹ್ಮದ್‌ನಗರದಲ್ಲಿ ಇವತ್ತು ಭಾರತೀಯ ಸೈನ್ಯದ ಟ್ಯಾಂಕ್ ದಳದ ಕೇಂದ್ರ, ತರಬೇತಿ ಶಾಲೆ, ಟ್ಯಾಂಕ್ ಮ್ಯೂಸಿಯಂ ಎಲ್ಲ ಇವೆ.)

ಆ 55 ಟನ್ ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ. ನಮ್ಮ ಅರ್ಜುನ್ ಟ್ಯಾಂಕ್‌ನ ಮೊದಲ ಮಾದರಿ ಸುಮಾರು 58 ಟನ್. ಹೊಸ ಮಾರ್ಕ್-1ಎ ಸುಮಾರು 68 ಟನ್.

ಈಗ ಕಾಕಾನ ಪಾಠಕ್ಕೆ ಸಂಖ್ಯೆ ಹಾಕೋಣ. ಅಮೆರಿಕದ ಸೈನ್ಯ ತನ್ನ ರಿಕವರಿ ಕೈಪಿಡಿಯಲ್ಲಿ ಒಂದು ಒರಟು ಲೆಕ್ಕ ಕೊಡುತ್ತೆ. ಗಾಡಿ ಗಾಲಿಗಳ ಮಟ್ಟಕ್ಕೆ ಹೂತಿದ್ದರೆ, ಅದನ್ನು ಎಳೆಯೋದಕ್ಕೆ ಅದರ ತೂಕದಷ್ಟೇ ಬಲ ಬೇಕು. ಪಟ್ಟಿಯ ಮೇಲಿನ ಫೆಂಡರ್ ಮಟ್ಟಕ್ಕೆ ಹೂತಿದ್ದರೆ ತೂಕದ 2 ಪಟ್ಟು. ಗೋಪುರದ ಮಟ್ಟಕ್ಕೆ ಮುಳುಗಿದ್ದರೆ 3 ಪಟ್ಟು. ಕೆಸರು ಬರೀ ತಡೆಯೋದಿಲ್ಲ, ಹಿಡಿದುಕೊಳ್ಳುತ್ತೆ. ನಮ್ಮ ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಅನ್ನೋ ಜೇಡಿ ಖನಿಜ ಹೆಚ್ಚು. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಹಸಿ ಇದ್ದಾಗ ಅದರಲ್ಲಿ ಕಾಲಿಟ್ಟು ತೆಗೆದವರಿಗೆ ಆ ಪಚಕ್ ಸದ್ದು ಗೊತ್ತು. ಚಪ್ಪಲಿ ಅಲ್ಲೇ ಉಳಿದಿರುತ್ತೆ.

ಅದೇ ಕೈಪಿಡಿಯ ಇನ್ನೊಂದು ಲೆಕ್ಕ: ಬಂದ ದಾರಿಗೇ ಹಿಂದಕ್ಕೆ ಎಳೆದರೆ ಬೇಕಾದ ಬಲ ಶೇ 10ರಷ್ಟು ಇಳಿಯುತ್ತೆ. ಹೂತ ಟ್ಯಾಂಕಿನ ಎಂಜಿನ್ ಓಡ್ತಾ ಇದ್ದು ಅದೂ ಪಟ್ಟಿ ತಿರುಗಿಸಿದರೆ ಇನ್ನು ಶೇ 40. ಎರಡೂ ಸೇರಿದರೆ ಅರ್ಧಕ್ಕರ್ಧ ಉಳಿತಾಯ. ಕಾಕಾನಿಗೆ ಶೇಕಡಾವಾರು ಗೊತ್ತಿರಲಿಲ್ಲ, ದಿಕ್ಕು ಸರಿಯಾಗಿ ಗೊತ್ತಿತ್ತು.

ಕೆಜಿಎಫ್‌ನಲ್ಲಿ ಕಟ್ಟೋ ಡಬ್ಲ್ಯುಝಡ್‌ಟಿ-3ರ ಮುಖ್ಯ ವಿಂಚ್ ನೇರವಾಗಿ ಎಳೆಯೋದು 28ರಿಂದ 30 ಟನ್. ಟಿ-72 ತೂಗೋದು ಸುಮಾರು 41 ಟನ್. ಹಾಗಾದರೆ ಹೇಗೆ? ರಾಟೆಯಿಂದ. ಹಗ್ಗವನ್ನು ಹೂತ ಟ್ಯಾಂಕಿಗೆ ಕಟ್ಟಿದ ರಾಟೆಯೊಳಗೆ ಹಾಯಿಸಿ, ವಾಪಸ್ ತಂದು, ಇನ್ನೊಮ್ಮೆ ಹಾಯಿಸಿದರೆ ಮೂರು ಎಳೆ ಆಗುತ್ತೆ. ಬಲ ಸುಮಾರು ಮೂರು ಪಟ್ಟು, ವೇಗ ಮೂರನೇ ಒಂದು ಭಾಗ. ಘರ್ಷಣೆಗೆ ಒಂದಿಷ್ಟು ಹೋದರೂ 80 ಚಿಲ್ಲರೆ ಟನ್ ಕೈಗೆ ಸಿಗುತ್ತೆ. ಫೆಂಡರ್ ಮಟ್ಟಕ್ಕೆ ಹೂತ ಟಿ-72ಕ್ಕೆ ಬೇಕಾದ್ದು 82 ಟನ್. ಅಂದರೆ ಲೆಕ್ಕ ಹಾಕಿಯೇ ಮಾಡಿದ್ದಾರೆ. ಆದರೆ ಇಲ್ಲಿ ಒಂದು ತೊಡಕು ಇದೆ. ತಾನು 42 ಟನ್ ಇರೋ ಗಾಡಿ 80 ಟನ್ ಎಳೆಯೋಕೆ ಹೊರಟರೆ, ತಾನೇ ಜಾರಿ ಮುಂದಕ್ಕೆ ಹೋಗುತ್ತೆ. ಅದಕ್ಕೇ ಆ ಬ್ಲೇಡ್. ಅದನ್ನು ನೆಲಕ್ಕೆ ಚುಚ್ಚಿ ಕಾಲೂರಿಕೊಂಡು ನಿಲ್ಲುತ್ತೆ. ತೋಪು, ಗೋಪುರ ತೆಗೆದು ಹಗುರ ಮಾಡಿದ ಗಾಡಿಗೆ ಈ ಕಾಲೂರೋದೇ ಜೀವ. ನೆಲ ಸಡಿಲ ಇದ್ದರೆ ಬ್ಲೇಡು ಮಣ್ಣನ್ನು ಉತ್ತುಕೊಂಡು ಬರುತ್ತೆ, ಆಗ ಎರಡನೇ ಎಆರ್‌ವಿ ತಂದು ಮೊದಲನೆಯದನ್ನು ಹಿಂದಿನಿಂದ ಹಿಡಿದುಕೊಳ್ಳಬೇಕು.

ಇದೇ ಸೂತ್ರಕ್ಕೆ ಟಿ-90 ಹಾಕಿ: 46 ಟನ್, ಎರಡು ಪಟ್ಟು 92. ಸ್ವಲ್ಪ ಮೀರಿತು. ಟ್ಯಾಂಕಿನ ಎಂಜಿನ್ ಓಡ್ತಿದ್ದರೆ ಸಂಭಾಳಿಸಬಹುದು. ಅರ್ಜುನ್ ಮಾರ್ಕ್-1ಎ ಹಾಕಿ: 68 ಟನ್, ಎರಡು ಪಟ್ಟು 136. ಒಂದು ಗಾಡಿಯಿಂದ ಆಗೋ ಮಾತಲ್ಲ.

ಹಳೇ ಟ್ಯಾಂಕಿನಿಂದ ಮಾಡಿದ ಎಳೆಯೋ ಗಾಡಿಯ ಮೂಲ ಸಮಸ್ಯೆ ಇದು. ಟ್ಯಾಂಕ್ ತಲೆಮಾರಿನಿಂದ ತಲೆಮಾರಿಗೆ ದಪ್ಪ ಆಗ್ತಾ ಹೋಗುತ್ತೆ. ಟಿ-55 ಸುಮಾರು 36 ಟನ್, ಎಂಜಿನ್ 580 ಅಶ್ವಶಕ್ತಿ. ಟಿ-72ರ ಎಂಜಿನ್ 780. ಟಿ-90ರದ್ದು 1000. ಎಳೆಯೋ ಗಾಡಿ ಮಾತ್ರ ಹಿಂದಿನ ತಲೆಮಾರಿನ ಒಡಲು, ಹಿಂದಿನ ತಲೆಮಾರಿನ ಎಂಜಿನ್ ಇಟ್ಟುಕೊಂಡು ಹೊಸ ತಲೆಮಾರನ್ನು ಎಳೆಯಬೇಕು. ಅಪ್ಪನ ಬೆನ್ನ ಮೇಲೆ ತನಗಿಂತ ಎತ್ತರದ ಮಗನನ್ನು ಹೊರಿಸಿದ ಹಾಗೆ. ಬಿಡಿಭಾಗದ ಉಳಿತಾಯವೂ ಶಾಶ್ವತ ಅಲ್ಲ. ಹಳೇ ಟ್ಯಾಂಕ್ ದಳದಿಂದ ನಿವೃತ್ತಿ ಆದ ದಿನವೇ ಅದರ ಒಡಲಿನ ಎಆರ್‌ವಿ ಅನಾಥ ಆಗುತ್ತೆ. ಒಂದು ಬೇರಿಂಗ್‌ಗೂ ಬೇರೆ ದಾರಿ ಹುಡುಕಬೇಕು.

ನಾವೊಬ್ಬರೇ ಈ ಕಷ್ಟಕ್ಕೆ ಸಿಕ್ಕವರಲ್ಲ. ಅಮೆರಿಕದ ಎಂ88 ಹಳೇ ಪ್ಯಾಟನ್ ಟ್ಯಾಂಕ್‌ಗಳ ಭಾಗಗಳಿಂದ ಬೆಳೆದ ಗಾಡಿ. ಅಬ್ರಾಮ್ಸ್ ಟ್ಯಾಂಕ್ 60 ಟನ್ ದಾಟಿದಾಗ ಒಂದನ್ನು ಎಳೆಯೋಕೆ ಎರಡು ಎಂ88 ಬೇಕಾಯಿತು. 1990ರ ದಶಕದಲ್ಲಿ ಎಂ88ಎ2 ಅಂತ ಬಲಪಡಿಸಿದರು, ಮತ್ತೆ ಒಂದಕ್ಕೊಂದು ಸರಿಹೋಯಿತು. ಅಬ್ರಾಮ್ಸ್ ಮತ್ತಷ್ಟು ದಪ್ಪ ಆಯಿತು. ಮತ್ತೆ ಎರಡು ಬೇಕಾಯಿತು, ಎಂ88ಎ3 ಕೆಲಸ ಶುರುವಾಯಿತು. ಜರ್ಮನಿ ಲೆಪರ್ಡ್-1ರ ಒಡಲಿನ ಬೆರ್ಗೆಪಾಂಜರ್-2 ಇಟ್ಟುಕೊಂಡು ಲೆಪರ್ಡ್-2 ಎಳೆಯೋಕೆ ವರ್ಷಗಟ್ಟಲೆ ಒದ್ದಾಡಿ, ಕೊನೆಗೆ 1990ರ ದಶಕದ ಆರಂಭದಲ್ಲಿ ಲೆಪರ್ಡ್-2ರದೇ ಒಡಲಿನ ಬ್ಯೂಫೆಲ್ ತಂದಿತು. ಬ್ಯೂಫೆಲ್ ಅಂದರೆ ಕೋಣ. ಹೆಸರಿಡೋದರಲ್ಲಾದರೂ ಅವರು ಪ್ರಾಮಾಣಿಕರು.

ನಮ್ಮಲ್ಲಿ? ಅರ್ಜುನ್ ಸೈನ್ಯಕ್ಕೆ ಸೇರತೊಡಗಿದ್ದು 2004ರಲ್ಲಿ, ಮಾರ್ಕ್-1 ಒಟ್ಟು 124. 2021ರ ಸೆಪ್ಟೆಂಬರ್‌ನಲ್ಲಿ 118 ಮಾರ್ಕ್-1ಎಗೆ ಆರ್ಡರ್ ಆಯಿತು. ಅದರದೇ ಒಡಲಿನ ರಿಕವರಿ-ರಿಪೇರಿ ವಾಹನವನ್ನು ಡಿಆರ್‌ಡಿಒದ ಆವಡಿ ಪ್ರಯೋಗಾಲಯ ಮತ್ತು ಬೆಮೆಲ್ ಸೇರಿ ರೂಪಿಸಿವೆ. ಒಳ್ಳೇದು. ಆದರೆ ಕ್ರಮ ನೋಡಿ, ಮೊದಲು ಟ್ಯಾಂಕ್, ಅದನ್ನು ಎಳೆಯೋದು ವರ್ಷಗಳ ನಂತರ. ಟ್ಯಾಂಕ್ ಆರ್ಡರ್ ಆದಾಗ ಪತ್ರಿಕೆಯ ಮುಖಪುಟ, ಪ್ರಧಾನಿ ಜತೆ ಫೋಟೊ. ಎಆರ್‌ವಿ ಆರ್ಡರ್ ಆದಾಗ ಷೇರು ಮಾರುಕಟ್ಟೆ ಪುಟದಲ್ಲಿ ನಾಲ್ಕು ಸಾಲು.

2017ರಲ್ಲಿ ಜೆಎನ್‌ಯು ಕುಲಪತಿ ವಿದ್ಯಾರ್ಥಿಗಳಲ್ಲಿ ದೇಶಪ್ರೇಮ ಬರಲಿ ಅಂತ ಕ್ಯಾಂಪಸ್ಸಿಗೆ ಒಂದು ಟ್ಯಾಂಕ್ ಕೇಳಿದ್ದು ನೆನಪಿದೆಯಾ? ಆಗ ನಾವೆಲ್ಲ ಪರ-ವಿರೋಧ ಗುದ್ದಾಡಿದೆವು. ಒಂದು ಎಆರ್‌ವಿ ತಂದು ನಿಲ್ಲಿಸಿ ಅಂತ ಯಾರಾದರೂ ಕೇಳಿದ್ದರೆ ನಾನಂತೂ ಬೆಂಬಲಿಸುತ್ತಿದ್ದೆ. ಕನಿಷ್ಠ ಮೆಕ್ಯಾನಿಕಲ್ ವಿಭಾಗದವರಾದರೂ ಏನಾದರೂ ಕಲೀತಿದ್ದರು.

1965ರ ಅಸಲ್ ಉತ್ತರ್ ಕದನವನ್ನು ದೇಶಪ್ರೇಮದ ಪಾಠವಾಗಿ ಎಲ್ಲರೂ ಹೇಳ್ತಾರೆ. ಪಂಜಾಬಿನ ಖೇಮ್‌ಕರಣ್ ಹತ್ತಿರ ನಮ್ಮವರು ಹೊಲಗಳಿಗೆ ನೀರು ಬಿಟ್ಟರು, ಕಬ್ಬಿನ ನಡುವೆ ಹೊಂಚು ಹಾಕಿದರು, ಪಾಕಿಸ್ತಾನದ ಪ್ಯಾಟನ್‌ಗಳು ಕೆಸರಲ್ಲಿ ಸಿಕ್ಕಿಬಿದ್ದವು. ಧೈರ್ಯದ ಕತೆ ಹೌದು. ಅದು ರಿಕವರಿಯ ಕತೆಯೂ ಹೌದು. ಕದನ ಮುಗಿದ ಮೇಲೆ ಆ ನೆಲ ಯಾರ ಕೈಯಲ್ಲಿತ್ತೋ ಹೂತ ಟ್ಯಾಂಕ್ ಅವರದಾಯಿತು. ಓಡೋ ಸ್ಥಿತಿಯಲ್ಲಿದ್ದ ಪ್ಯಾಟನ್‌ಗಳೂ ನಮ್ಮ ಕೈಸೇರಿದವು. ಅದಕ್ಕೇ ಇವತ್ತು ದೇಶದ ಊರೂರಲ್ಲಿ ಪ್ಯಾಟನ್‌ಗಳು ಕಟ್ಟೆ ಮೇಲೆ ಕೂತಿವೆ. ಕಬ್ಬಿನ ಹೊಲಕ್ಕೆ ನೀರು ಬಿಟ್ಟರೆ ಏನಾಗುತ್ತೆ ಅಂತ ಸಿಂದಗಿಯ ಯಾವ ಟ್ರ್ಯಾಕ್ಟರ್ ಡ್ರೈವರ್ ಕೇಳಿದರೂ ಹೇಳ್ತಿದ್ದ.

ಕೆಜಿಎಫ್‌ನ ಕಾರ್ಖಾನೆ

ಬೆಮೆಲ್ ಸ್ಥಾಪನೆಯಾಗಿದ್ದು 1964ರಲ್ಲಿ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಸಾವಿರಾರು ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗೋ ಊರಾಯಿತು ಅದು. ಉಳಿದಿದ್ದು ಬೆಮೆಲ್. ಅಲ್ಲಿ ಬುಲ್ಡೋಜರ್ ಆಗುತ್ತೆ, ಗಣಿಗೆ ಬೇಕಾದ ದೊಡ್ಡ ಯಂತ್ರಗಳು ಆಗುತ್ತವೆ, ಪೋಲೆಂಡಿನ ಬುಮಾರ್ ಕಂಪನಿಯ ತಂತ್ರಜ್ಞಾನದಲ್ಲಿ ಎಆರ್‌ವಿಯೂ ಆಗುತ್ತೆ. 2012ರ ಜನವರಿಯಲ್ಲಿ 204 ಎಆರ್‌ವಿಗಳ ಒಪ್ಪಂದ ಆಯಿತು, ಮೊತ್ತ ಸುಮಾರು 27.5 ಕೋಟಿ ಡಾಲರ್. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬೆಮೆಲ್‌ನ ಶೇ 26 ಷೇರನ್ನು ಆಡಳಿತದ ಹಿಡಿತದ ಜತೆಗೇ ಮಾರೋದಕ್ಕೆ ಆಸಕ್ತರನ್ನು ಕರೆಯಿತು.

ಈ ಮಾರಾಟದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಸಾರ್ವಜನಿಕ ಉದ್ದಿಮೆ ಅಂದ ಮಾತ್ರಕ್ಕೆ ಪವಿತ್ರ ಅಲ್ಲ. ವಿದೇಶದಿಂದ ಬಂದ ಕಿಟ್ ಜೋಡಿಸಿ ಸ್ವದೇಶಿ ಅಂತ ಬೋರ್ಡ್ ಹಾಕೋ ಚಾಳಿ ನಮ್ಮ ರಕ್ಷಣಾ ಉದ್ದಿಮೆಗೆ ಇದೆ, ಅದನ್ನು ಮುಲಾಜಿಲ್ಲದೆ ಪ್ರಶ್ನಿಸಬೇಕು. ಆದರೆ ಎಆರ್‌ವಿ ಅನ್ನೋದು ವರ್ಷಾವರ್ಷ ಮಾರಾಟ ಆಗೋ ಮಾಲಲ್ಲ. ಒಂದು ಸಲ 200ರ ಆರ್ಡರ್ ಬರುತ್ತೆ, ಆಮೇಲೆ ವರ್ಷಗಟ್ಟಲೆ ಮೌನ. ಆ ಮೌನದ ವರ್ಷಗಳಲ್ಲಿ ವೆಲ್ಡರ್, ಫಿಟ್ಟರ್, ವಿನ್ಯಾಸಗಾರರನ್ನು ಮನೆಗೆ ಕಳಿಸದೆ ಹಿಡಿದಿಟ್ಟುಕೊಳ್ಳೋದು ಯಾರು? ಲಾಭದ ತ್ರೈಮಾಸಿಕ ಲೆಕ್ಕ ಕೊಡಬೇಕಾದ ಮಾಲೀಕ ಹಿಡಿದಿಟ್ಟುಕೊಳ್ಳುತ್ತಾನೆ ಅಂತ ನನಗನ್ನಿಸೋದಿಲ್ಲ. ಇಪ್ಪತ್ತು ವರ್ಷದ ನಂತರ ಯಾವುದೋ ಟ್ಯಾಂಕಿನ ಒಡಲನ್ನು ಎಳೆಯೋ ಗಾಡಿಯಾಗಿ ಬದಲಾಯಿಸೋಕೆ ಬೇಕಾಗೋದು ಆ ಕೈಗಳೇ. ಅವು ಚದುರಿಹೋದರೆ ಮತ್ತೆ ಪೋಲೆಂಡಿಗೋ ಸ್ಲೊವಾಕಿಯಾಕ್ಕೋ ಹೋಗಿ ನಿಲ್ಲಬೇಕು.

ಮಲಿಕ್-ಎ-ಮೈದಾನ್‌ಗೂ ಒಂದು ಮಾರಾಟದ ಕತೆ ಇದೆ. 1854ರಲ್ಲಿ ಸಾತಾರಾದ ಬ್ರಿಟಿಷ್ ಕಮಿಷನರ್, ವಿಜಯಪುರದಲ್ಲಿ ಬಿದ್ದಿರೋ ನಿರುಪಯುಕ್ತ ಸಾಮಾನೆಲ್ಲ ವಿಲೇವಾರಿ ಮಾಡಿ ಅಂತ ಹುಕುಂ ಕಳಿಸಿದ. ಮಾಮಲೇದಾರರು ತೋಪನ್ನೂ ಹರಾಜಿಗಿಟ್ಟರು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಇಷ್ಟು ಕಡಿಮೆಗೆ ಹೇಗೆ ಕೊಡೋದು, ಜನ ಬೇರೆ ಇದಕ್ಕೆ ನಡೆದುಕೊಳ್ಳುತ್ತಾರೆ ಅಂತ ಮಾಮಲೇದಾರರು ಮೇಲಕ್ಕೆ ಬರೆದರು. ಹರಾಜು ರದ್ದಾಯಿತು. ಹಂಗಾಗಿ ಅದು ಇವತ್ತಿಗೂ ಬುರುಜಿನ ಮೇಲಿದೆ.

ಎಳೆಯೋ ಕೈಗಳು

ಗಾಡಿ ಬಿಟ್ಟು ಮನುಷ್ಯರ ಕಡೆ ಬರೋಣ. ಎಆರ್‌ವಿ ಒಳಗಿರೋರು ಮೂರು ನಾಲ್ಕು ಜನ. ಅವರಲ್ಲಿ ಒಬ್ಬರಾದರೂ ಇಳಿದು, ಹೂತ ಟ್ಯಾಂಕಿನ ಹತ್ತಿರ ಹೋಗಿ, ಕೆಸರಿನೊಳಗೆ ಕೈ ಹಾಕಿ, ಕೊಕ್ಕೆ ಹುಡುಕಿ ಹಗ್ಗ ಸಿಕ್ಕಿಸಬೇಕು. ಗುಂಡು ಬೀಳ್ತಿದ್ದರೂ ಅಷ್ಟೇ, ರಾತ್ರಿಯಾದರೂ ಅಷ್ಟೇ. 30 ಟನ್ ಬಿಗಿತದ ಉಕ್ಕಿನ ಹಗ್ಗ ಹರಿದರೆ ಚಾವಟಿ ಥರ ಬೀಸುತ್ತೆ, ಅಡ್ಡ ಬಂದವರು ಉಳಿಯೋದಿಲ್ಲ. ಅದಕ್ಕೇ ಎಳೆಯುವಾಗ ಹಗ್ಗದ ಉದ್ದದಷ್ಟು ದೂರ ನಿಲ್ಲಬೇಕು ಅನ್ನೋ ನಿಯಮ. ನಮ್ಮ ಹೊಲಗಳಲ್ಲಿ ಚೈನ್ ಕಟ್ಟಿ ಎಳೆಯುವಾಗ ಹತ್ತಿರ ನಿಂತು ಮೊಬೈಲ್‌ನಲ್ಲಿ ವಿಡಿಯೊ ಮಾಡೋ ಹುಡುಗರಿಗೂ ಇದನ್ನು ಯಾರಾದರೂ ಹೇಳಿದರೆ ಒಳ್ಳೇದು.

ಈ ಕೆಲಸ ಪುಸ್ತಕ ಓದಿ ಬರೋದಲ್ಲ. ಮಣ್ಣು ನೋಡಿ ಎಷ್ಟು ಹಿಡಿದುಕೊಂಡಿದೆ ಅಂತ ಅಂದಾಜಿಸೋದು, ಬ್ಲೇಡ್ ಎಲ್ಲಿ ಊರಬೇಕು, ರಾಟೆ ಯಾವ ಕೋನಕ್ಕೆ ಕಟ್ಟಬೇಕು ಅನ್ನೋದು ವರ್ಷಗಳ ಅನುಭವ. 2022ರ ಜೂನ್‌ನಲ್ಲಿ ಅಗ್ನಿಪಥ್ ಬಂತು. ನಾಲ್ಕು ವರ್ಷದ ಸೇವೆ, ಆಮೇಲೆ ಹೆಚ್ಚೆಂದರೆ ಶೇ 25 ಜನ ಉಳೀತಾರೆ. ವಿಜಯಪುರ ಜಿಲ್ಲೆಯ ರಸ್ತೆಗಳಲ್ಲಿ ಬೆಳಗಿನ ಐದಕ್ಕೆ ಓಡೋ ಹುಡುಗರಲ್ಲಿ ಐಟಿಐ ಮಾಡಿದವರು ಬೇಕಾದಷ್ಟಿದ್ದಾರೆ, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದ ಕೈಗಳವು. ಅಂಥವರಲ್ಲಿ ನಾಲ್ವರನ್ನು ಇಂಥ ಕೆಲಸಕ್ಕೆ ತಯಾರು ಮಾಡಿ, ಕೈ ಪಳಗೋ ಹೊತ್ತಿಗೆ ಮೂವರನ್ನು ಮನೆಗೆ ಕಳಿಸೋದು ಸೈನ್ಯಕ್ಕೇ ನಷ್ಟ ಅಂತ ನನ್ನ ವಾದ. ಅಗ್ನಿಪಥ್ ಬಗ್ಗೆ ನಾವು ಪಿಂಚಣಿಯ ಮಾತು ಆಡಿದೆವು, ಆಡಲೇಬೇಕಿತ್ತು. ಕಸುಬಿನ ಮಾತು ಯಾರೂ ಆಡಲಿಲ್ಲ.

2024ರ ಜೂನ್ 28ರ ರಾತ್ರಿ ಪೂರ್ವ ಲಡಾಖ್‌ನ ಸಾಸೇರ್ ಬ್ರಾಂಗ್ಸಾ ಹತ್ತಿರ, ತರಬೇತಿ ಮುಗಿಸಿ ವಾಪಸಾಗ್ತಿದ್ದ ಒಂದು ಟಿ-72 ಟ್ಯಾಂಕ್ ಶ್ಯೋಕ್ ನದಿಯಲ್ಲಿ ಸಿಕ್ಕಿಬಿತ್ತು. ನೀರು ಏಕಾಏಕಿ ಏರಿತು. ರಕ್ಷಣಾ ತಂಡ ಧಾವಿಸಿದರೂ ಹರಿವು ಹೆಚ್ಚಿದ್ದರಿಂದ ತಲುಪಲಾಗಲಿಲ್ಲ ಅಂತ ಸೈನ್ಯ ಹೇಳಿತು. ಐವರು ಸೈನಿಕರು ತೀರಿಕೊಂಡರು. ಎಆರ್‌ವಿ ಇದ್ದಿದ್ದರೆ ಉಳೀತಿದ್ದರು ಅಂತ ನಾನು ಹೇಳೋದಿಲ್ಲ. ಅಂಥ ಪ್ರವಾಹದಲ್ಲಿ ಯಾವ ಹಗ್ಗವೂ ಹೊತ್ತಿಗೆ ಸರಿಯಾಗಿ ತಲುಪದೇ ಹೋಗಬಹುದು. ಸಿಕ್ಕಿಬಿದ್ದ ಟ್ಯಾಂಕಿನೊಳಗೆ ಮನುಷ್ಯರಿರುತ್ತಾರೆ ಅನ್ನೋದಕ್ಕೆ ಆ ರಾತ್ರಿಯನ್ನು ನೆನೆದೆ.

ಅದೇ ಜುಲೈ ತಿಂಗಳಲ್ಲಿ ಗುಜರಾತಿನ ಹಜೀರಾದಲ್ಲಿ ಜೋರಾವರ್ ಅನ್ನೋ ಹಗುರ ಟ್ಯಾಂಕನ್ನು ಡಿಆರ್‌ಡಿಒ ಮತ್ತು ಎಲ್ ಅಂಡ್ ಟಿ ತೋರಿಸಿದವು. ಲಡಾಖ್‌ನಂಥ ಎತ್ತರದ ಜಾಗಕ್ಕೇ ಅಂತ ಮಾಡಿದ್ದು, 25 ಟನ್. ಗೋಪುರದ ತನಕ ಹೂತರೂ ಮೂರು ಪಟ್ಟು 75 ಟನ್. ಕಾಗದದ ಮೇಲೆ ಕೆಜಿಎಫ್‌ನ ಡಬ್ಲ್ಯುಝಡ್‌ಟಿ-3 ಅದನ್ನು ಎಳೆದು ಹಾಕುತ್ತೆ. ಆದರೆ ಡಬ್ಲ್ಯುಝಡ್‌ಟಿ-3 ತಾನೇ 42 ಟನ್, ಟಿ-72ರ ಒಡಲು. ಟಿ-72 ಹೋಗೋಕೆ ತಿಣುಕೋ ಕಡೆ ಹೋಗಲಿ ಅಂತಲೇ ಜೋರಾವರ್ ಮಾಡಿದ್ದು, ಅಲ್ಲಿಗೆ ಈ 42 ಟನ್ ಹೇಗೆ ಹೋಗುತ್ತೆ? ಹಳೇ ಒಡಲು ಇಲ್ಲಿ ಕೆಲಸಕ್ಕೆ ಬರೋದಿಲ್ಲ, ಯಾಕಂದರೆ 25 ಟನ್‌ನ ಹಳೇ ಟ್ಯಾಂಕ್ ಅನ್ನೋದೇ ನಮ್ಮ ದಳದಲ್ಲಿ ಉಳಿದಿಲ್ಲ. ಜೋರಾವರ್‌ನದೇ ಒಡಲಿನ ಮೇಲೆ ವಿಂಚು, ಬ್ಲೇಡು, ಕ್ರೇನು ಕೂರಿಸಬೇಕು. ಎಷ್ಟು ಟ್ಯಾಂಕಿಗೆ ಅಂಥ ಗಾಡಿ ಎಷ್ಟು, ಯಾರು ಕಟ್ತಾರೆ, ಯಾವಾಗ? ಟ್ಯಾಂಕಿನ ಆರ್ಡರ್ ಸುದ್ದಿ ಬಂದ ದಿನ ನಿಮ್ಮ ಸಂಸದರಿಗೆ ಕೇಳಬಹುದಾದ ಪ್ರಶ್ನೆ ಇದು.